ಮಗಳಿಗೊಂದು ಪತ್ರ: ಹಬ್ಬದ ಬಸ್ಸು

ಪುಟ್ಟೀ,

ನಿನ್ನೆ ಫೋನಿನಲ್ಲಿ ನೀನು ಹೇಳಿದ ಲೆಕ್ಕವನ್ನು ನಿಮ್ಮಮ್ಮನಿಗೆ ಹೇಳಿಲ್ಲ. ಹೈದರಾಬಾದಿನಿಂದ ಬೆಂಗಳೂರಿಗೆ ಒಂದು ರಾತ್ರಿ. ಅಲ್ಲಿಂದ ಕೆ.ಆರ್. ಪುರ, ಹೊಸಕೋಟೆ ಜಾಮ್ ದಾಟಿ ಕೋಲಾರ ಸೇರುವಷ್ಟರಲ್ಲಿ ಮಧ್ಯಾಹ್ನ. ವಾಪಸ್ ಹೋಗುವಾಗ ಮತ್ತೆ ಅಷ್ಟೇ. "ಒಂದು ದಿನದ ಸಂಕ್ರಾಂತಿಗೆ ಎರಡು ದಿನ ದಾರೀಲೇ ಹಾಳಾಗುತ್ತಲ್ಲಪ್ಪಾ" ಅಂದೆ. ಲೆಕ್ಕ ತಪ್ಪಲ್ಲ. ನನಗೆ ತಕ್ಷಣ ಏನು ಹೇಳಬೇಕೋ ಹೊಳೆಯಲಿಲ್ಲ. ಫೋನಿನಲ್ಲಿ ನನಗೆ ಮಾತು ಬರುವುದೂ ಅಷ್ಟಕ್ಕಷ್ಟೇ, ಗೊತ್ತಲ್ಲ. ಅದಕ್ಕೇ ಈ ಕಾಗದ.

ಬಾ ಅಂತ ಒತ್ತಾಯ ಮಾಡುವುದಕ್ಕಲ್ಲ. ರಜ ನಿನ್ನದು, ಸುಸ್ತೂ ನಿನ್ನದು. ಆದರೆ ದಾರಿಯನ್ನು ನೀನು ಹಬ್ಬದಿಂದ ಕಳೆದೇಬಿಟ್ಟೆಯಲ್ಲ, ಅದೊಂದು ನನಗೆ ಒಪ್ಪಿಗೆಯಿಲ್ಲ. ನನ್ನ ಕಂಡಕ್ಟರ್ ಸರ್ವೀಸಿನ ಮುಕ್ಕಾಲುಪಾಲು ಹಬ್ಬ ಆಗಿದ್ದೇ ದಾರಿಯಲ್ಲಿ. ಊರಿಗೆಲ್ಲ ರಜ ಅಂದರೆ ನಮಗೆ ಎಕ್ಸ್‌ಟ್ರಾ ಬಸ್, ಎಕ್ಸ್‌ಟ್ರಾ ಟ್ರಿಪ್. ನಿಮ್ಮಮ್ಮ ಒಬ್ಬಳೇ ನಿನಗೆ ಲಂಗ ಉಡಿಸಿ, ಬೀದಿಯೆಲ್ಲ ಸುತ್ತಿ ಎಳ್ಳು ಬೀರಿಸಿಕೊಂಡು ಬರುತ್ತಿದ್ದಳು. ರಾತ್ರಿ ನಾನು ಖಾಕಿಯಲ್ಲಿ ಮನೆಗೆ ಬಂದರೆ ಇಬ್ಬರೂ ಪಾಪ ಅನ್ನುವ ಹಾಗೆ ನೋಡುತ್ತಿದ್ದಿರಿ. ಈಗ ರಿಟೈರ್ ಆಗಿದ್ದೇನೆ, ಹೇಳಬಹುದು. ಅಷ್ಟೇನೂ ಪಾಪ ಅಲ್ಲ.

ಹಬ್ಬದ ಹಿಂದಿನ ಸಂಜೆ ಮೆಜೆಸ್ಟಿಕ್‌ನಿಂದ ಹೊರಡುವ ಮುಳಬಾಗಿಲು ಬಸ್ಸನ್ನು ನೀನು ಕಂಡಕ್ಟರ್ ಜಾಗದಲ್ಲಿ ನಿಂತು ನೋಡಬೇಕು. ಜನರ ಮುಖಕ್ಕಿಂತ ಬ್ಯಾಗುಗಳನ್ನು ನೋಡಬೇಕು. ಹೋಗುವಾಗ ಬಟ್ಟೆ ಅಂಗಡಿ ಕವರು, ಸ್ವೀಟ್ ಬಾಕ್ಸು, ಇನ್ನೂ ಪ್ಲಾಸ್ಟಿಕ್ ಬಿಚ್ಚದ ಮಕ್ಕಳ ಸೈಕಲ್ಲು. ಎರಡು ದಿನ ಬಿಟ್ಟು ಅದೇ ಜನ ವಾಪಸ್ ಬರುವಾಗ ರಾಗಿ ಹಿಟ್ಟು, ಹುರುಳಿಕಾಳು, ತೆಂಗಿನಕಾಯಿ, ಅವರೆಕಾಯಿ ಚೀಲ. ಹೋಗುವಾಗ ತೋರಿಸುವ ಸಾಮಾನು, ಬರುವಾಗ ತಿನ್ನುವ ಸಾಮಾನು. ಕಬ್ಬಿನ ಜಲ್ಲೆ ತಂದವರದು ಬೇರೆಯೇ ಪಾಡು. ಮೊದಲು ಬಸ್ಸಿನ ಟಾಪ್ ಮೇಲೆ ಕಟ್ಟುತ್ತಿದ್ದರು. ಈಗ ಒಳಗೇ ತಂದು, ತಿರುವು ಬಂದಾಗಲೆಲ್ಲ ಪಕ್ಕದವರ ಕಿವಿಗೆ ತಿವಿದು, "ಸಾರಿ ಅಣ್ಣ, ಸಾರಿ ಅಣ್ಣ" ಅನ್ನುತ್ತಾ ಹೋಗುತ್ತಾರೆ.

ಒಂದು ಸಲ ಹೀಗಾಯಿತು. ಸಂಕ್ರಾಂತಿ ಮುಗಿದ ಮಾರನೇ ದಿನ, ಬೆಂಗಳೂರ ಕಡೆ ಟ್ರಿಪ್. ಕೋಲಾರ ಸ್ಟ್ಯಾಂಡ್ ಬಿಟ್ಟ ಸ್ವಲ್ಪ ಹೊತ್ತಿಗೆ ಇಡೀ ಬಸ್ಸು ಘಮ್ ಅಂದಿತು. ಆ ಚಳಿಗಾಲ ಚೆನ್ನಾಗಿ ಮಂಜು ಬಿದ್ದಿತ್ತು, ಅವರೆಗೆ ಒಳ್ಳೆ ಸೊಗಡು ಕೂತಿತ್ತು. ಮಧ್ಯದ ಸೀಟಿನಲ್ಲಿ ಒಬ್ಬ ಹೆಂಗಸು ಚೀಲ ಬಿಚ್ಚಿ, ಮಡಿಲಲ್ಲಿ ಟವೆಲ್ ಹಾಸಿಕೊಂಡು ಕಾಯಿ ಬಿಡಿಸುತ್ತಾ ಕೂತಿದ್ದಾಳೆ. ನಾನು ಗದರಿದೆ, ಬಸ್ಸೆಲ್ಲ ಸಿಪ್ಪೆ ಆಗುತ್ತೆ ಅಂತ. "ಸಿಪ್ಪೆ ಕವರಿಗೇ ಹಾಕ್ತಿದ್ದೀನಿ ನೋಡಣ್ಣ. ಸುಮ್ನೆ ಕೂತು ಏನ್ ಮಾಡ್ಲಿ? ಮನೆಗೋದ್ರೆ ಹಿತಕೋದಕ್ಕೇ ರಾತ್ರಿ ಆಗುತ್ತೆ" ಅಂದಳು. ಸರಿ ಅಂತ ಮುಂದೆ ಹೋಗಿ ಟಿಕೆಟ್ ಮುಗಿಸಿ ವಾಪಸ್ ಬಂದೆ. ಪಕ್ಕದಲ್ಲಿ ಕೂತ ಕಾಲೇಜು ಹುಡುಗಿ ಕಿವಿಯ ವೈರ್ ತೆಗೆದು ಅವಳೂ ಬಿಡಿಸುತ್ತಿದ್ದಾಳೆ. ನರಸಾಪುರ ದಾಟುವಷ್ಟರಲ್ಲಿ ಹಿಂದಿನ ಸೀಟಿನ ಅಜ್ಜಿ ಸೇರಿಕೊಂಡಿತು. ಹೊಸಕೋಟೆ ಹತ್ತಿರ ಬರುವಾಗ ಆಚೆ ಸೀಟಿನ ಗಂಡಸೂ ಒಂದು ಹಿಡಿ ತೆಗೆದುಕೊಂಡ. ಯಾರೂ ಯಾರನ್ನೂ ಕರೆದಿರಲಿಲ್ಲ. ಆಮೇಲೆ ಶುರುವಾಯಿತು ಚರ್ಚೆ. ಹಿತಕಿದ ಬೇಳೆ ಸಾರಿಗೆ ಗಸಗಸೆ ಹಾಕಬೇಕೋ ಬೇಡವೋ. ಅಜ್ಜಿ ಬೇಡವೇ ಬೇಡ ಅಂದಿತು. ಡ್ರೈವರ್ ಮುಂದಿನಿಂದಲೇ ಕೂಗಿ, ಬೇಕು ಅಂದ. ಕೆ.ಆರ್. ಪುರದಲ್ಲಿ ಇಳಿಯುವಾಗ ಚೀಲ ಹಗುರವಾಗಿತ್ತು, ಪಾತ್ರೆ ತುಂಬ ಕಾಳು. ಆ ಹುಡುಗಿ ಕೈ ಮೂಸಿ ನೋಡಿಕೊಳ್ಳುತ್ತಾ ಇಳಿದುಹೋದಳು.

ಯುಗಾದಿ ಬಸ್ಸಿನದು ಇನ್ನೊಂದು ಮಜಾ. ಹಬ್ಬಕ್ಕೆ ಒಬ್ಬಟ್ಟು ಇರಲಿ, ಜನರ ಮನಸ್ಸೆಲ್ಲ ಮಾರನೇ ದಿನದ ಹೊಸತೊಡಕಿನ ಬಾಡೂಟದ ಮೇಲೆ. ಸೀಟಿನ ಕೆಳಗೆ ಬುಟ್ಟಿ, ಬುಟ್ಟಿಯೊಳಗೆ ನಾಟಿ ಕೋಳಿ. ಕೋಳಿಗೂ ಅರ್ಧ ಟಿಕೆಟ್ ಹರಿದಿದ್ದೇನೆ ನಾನು. ಹಾಗಾದರೆ ಕೋಳಿಗೂ ಸೀಟು ಕೊಡಿ ಅಂತ ಪಟ್ಟು ಹಿಡಿದವರಿದ್ದಾರೆ. ಸುಮ್ಮನಿರಲು ಹೇಳಿದರೆ ಮನುಷ್ಯರು ಸುಮ್ಮನಾಗುತ್ತಾರೆ, ಕೋಳಿ ಆಗಲ್ಲ.

ದಾರಿಯೆಲ್ಲ ಇಂಥದ್ದೇ ಅಂತ ತಿಳಿಯಬೇಡ. ಸೀಟಿಗೆ ಕರ್ಚೀಫ್ ಹಾಕಿ ಹೊಡೆದಾಡಿದವರು, ಕಿಟಕಿಯಿಂದ ವಾಂತಿ, ಪರ್ಸ್ ಹೋಯ್ತು ಅಂತ ಅಳು, ಎಲ್ಲ ಇತ್ತು. ಒಂದು ಸಂಕ್ರಾಂತಿ ಸಂಜೆ ಪಟ್ಟೆ ಲಂಗದ ಪುಟ್ಟ ಹುಡುಗಿ ಸ್ಟೀಲ್ ಡಬ್ಬಿ ಹಿಡಿದು ಸೀಟು ಸೀಟಿಗೂ ಎಳ್ಳು ಬೀರಿಕೊಂಡು ಬಂದಳು. ಎರಡೂ ಕೈ ಡಬ್ಬಿಯಲ್ಲಿ, ಬಸ್ಸು ವಾಲಿದರೆ ಅವಳೂ ವಾಲುತ್ತಾಳೆ, ಅವರಮ್ಮ ಹಿಂದಿನಿಂದ ಲಂಗ ಹಿಡಿದಿದ್ದಾಳೆ. ನನ್ನ ಪಾಲಿಗೆ ಒಂದು ಹಿಡಿ ಎಳ್ಳು ಬೆಲ್ಲ, ಮೇಲೊಂದು ಸಕ್ಕರೆ ಅಚ್ಚು. ಅಚ್ಚು ನವಿಲೋ ಕೋಳಿಯೋ ಗೊತ್ತಾಗಲಿಲ್ಲ, ಕುತ್ತಿಗೆ ಮುರಿದಿತ್ತು. ಎಲ್ಲರೂ ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡೋಣ ಅಂತ ಒಬ್ಬ ಯಜಮಾನರು ದೊಡ್ಡದಾಗಿ ಹೇಳಿದರು. ಹತ್ತು ನಿಮಿಷ ಆಗಿರಲಿಲ್ಲ, ಟಿಕೆಟ್ ಹಿಂದೆ ಬರೆದುಕೊಟ್ಟ ಐದು ರೂಪಾಯಿ ಚಿಲ್ಲರೆಗೆ ಅದೇ ಯಜಮಾನರು ನನ್ನ ಮೇಲೆ ಎಗರಾಡಿದರು! ಬಾಯಿ ತುಂಬ ಕೊಬ್ಬರಿ ಇತ್ತು, ಬೈದದ್ದು ಅರ್ಧ ಅರ್ಥವೇ ಆಗಲಿಲ್ಲ. ಚಿಲ್ಲರೆ ಕೊಡುವಾಗ ಕ್ಯಾಶ್ ಬ್ಯಾಗಿನ ಮೂಲೆಯಿಂದ ಬಿಳಿ ಎಳ್ಳು ಬರುವುದು ಯುಗಾದಿಯವರೆಗೂ ನಿಲ್ಲಲಿಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತಲ್ಲ, ಹೆಂಗಸರಿಗೆ ಫ್ರೀ. ಆಮೇಲೆ ಹಬ್ಬದ ಬಸ್ಸು ಪೂರ್ತಿ ಬೇರೆ ಆಯಿತು. ನೂಕುನುಗ್ಗಲು ಹೆಚ್ಚಾಯಿತು, ಕೆಲವು ಗಂಡಸರು ಗೊಣಗಿದರು, ಅದೆಲ್ಲ ನಿಜ. ಆದರೆ ಕೂಲಿಗೂ ಸಂತೆಗೂ ಬಿಟ್ಟರೆ ಊರು ದಾಟದಿದ್ದ ಅಜ್ಜಿಯರು ಗುಂಪು ಕಟ್ಟಿಕೊಂಡು ಧರ್ಮಸ್ಥಳಕ್ಕೆ ಹೊರಟರು ನೋಡು, ಅದನ್ನು ನಾನು ಕಣ್ಣಾರೆ ಕಂಡೆ. ಫ್ರೀ ಆದರೂ ಟಿಕೆಟ್ ಕೊಡಲೇಬೇಕು, ಅದರಲ್ಲಿ ದುಡ್ಡಿನ ಜಾಗದಲ್ಲಿ ಸೊನ್ನೆ ಇರುತ್ತದೆ. ಒಬ್ಬ ಅಜ್ಜಿ ಎಲೆಅಡಿಕೆ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿ ಪಕ್ಕದಲ್ಲಿ ಮಡಚಿಟ್ಟಿದ್ದ ಹಳೇ ಸೊನ್ನೆ ಟಿಕೆಟ್‌ಗಳನ್ನು ತೋರಿಸಿತು. "ಇವು ಬಿಸಾಕಬಾರ್ದಲ್ವಾ ಕಂಡಕ್ಟ್ರೇ? ಯಾವೂರಿಗೆಲ್ಲ ಹೋಗಿದ್ದೆ ಅಂತ ಮೊಮ್ಮಗನ ಕೈಲಿ ಓದಿಸ್ತೀನಿ" ಅಂದಿತು. ಇಟ್ಕೊಳ್ಳಿ ಅಂದೆ. ಆ ಅಜ್ಜಿಗೆ ಊರು ನೋಡಿದ್ದಷ್ಟೇ ಖುಷಿ ಹೋಗಿಬಂದ ದಾರಿಯ ಮೇಲೂ ಇತ್ತು. ಯಾವ ಊರಲ್ಲಿ ಬಸ್ಸು ಬದಲಿಸಿದರು, ಎಲ್ಲಿ ಟೀ ಕುಡಿದರು, ಯಾವ ಡ್ರೈವರ್ ಒಳ್ಳೆಯವನು, ಎಲ್ಲ ಬಾಯಿಪಾಠ.

ನೀನೂ ಅಷ್ಟೇ. ಡಿಸೆಂಬರಿನಲ್ಲಿ ಫ್ರೆಂಡ್ಸ್ ಜೊತೆ ಮನಾಲಿಗೆ ಹೋಗಿ ಬಂದೆಯಲ್ಲ, ಫೋಟೋ ಎಲ್ಲ ನೋಡಿದೆವು. ಹಿಮದ ಬಗ್ಗೆ ನೀನು ಹೇಳಿದ್ದು ಒಂದೇ ಮಾತು, ಚೆನ್ನಾಗಿತ್ತು ಅಂತ. ದಾರಿಯಲ್ಲಿ ಗಾಡಿ ನಿಂತು, ಎಲ್ಲರೂ ಇಳಿದು, ರಸ್ತೆ ಬದಿ ಮ್ಯಾಗಿ ತಿಂದು, ಡ್ರೈವರ್‌ಗೆ ಕನ್ನಡ ಹಾಡು ಕಲಿಸಿದ್ದನ್ನು ಮಾತ್ರ ಅರ್ಧ ಗಂಟೆ ಹೇಳಿದೆ. ಅದರ ಫೋಟೋನೇ ಇರಲಿಲ್ಲ.

ಚಿಕ್ಕವಳಿದ್ದಾಗಲೂ ಹೀಗೇ. ಅಂತರಗಂಗೆಗೆ ಕರೆದುಕೊಂಡು ಹೋದರೆ ಎಲ್ಲರೂ ಬಸವನ ಬಾಯಿಂದ ಬೀಳುವ ನೀರು ಹಿಡಿಯಲು ಸಾಲು ನಿಂತರು. ನೀನು ಮೆಟ್ಟಿಲ ಮೇಲೆ ಕೂತು, ನಮ್ಮ ಬಾಳೆಹಣ್ಣು ಕಿತ್ತುಕೊಂಡು ಹೋದ ಕೋತಿ ಸಿಪ್ಪೆ ಹೇಗೆ ಸುಲಿಯುತ್ತದೆ ಅಂತ ನೋಡುತ್ತಿದ್ದೆ. ನಿಮ್ಮಮ್ಮನಿಗೆ ಬೇಜಾರು, ಮಗು ದೇವರನ್ನೇ ನೋಡಲಿಲ್ಲ ಅಂತ. ನನಗೇನೂ ಅನ್ನಿಸಲಿಲ್ಲ. ಬಸವ ಅಲ್ಲೇ ಇರುತ್ತಾನೆ.

ನೀರು ಅಂದಾಗ ನೆನಪಾಯಿತು. ನಮ್ಮ ಜಿಲ್ಲೆಗೆ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ. ನಾನು ಕೆಲಸಕ್ಕೆ ಸೇರಿದ ಮೇಲೆ ಎಷ್ಟೋ ವರ್ಷ ಬಸ್ಸಿನ ಕಿಟಕಿಯಿಂದ ಕೆರೆ ಅಂದರೆ ಜಾಲಿ ಮುಳ್ಳು, ಅದರಲ್ಲಿ ಮೇಯುವ ಕುರಿ, ಅಷ್ಟೇ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಬಂದು ಒಂದೊಂದೇ ಕೆರೆ ತುಂಬಿತು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಬಿಟ್ಟಿದ್ದು, ಅದರ ಬಗ್ಗೆ ತಕರಾರುಗಳೂ ಇವೆ, ತಕರಾರು ಮಾಡಬೇಕಾದ್ದೇ. ಆದರೂ ಆ ವರ್ಷದ ದಸರಾ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದ ಜನ ನೀರು ಕಂಡ ಕೂಡಲೇ ಒಂದು ಬದಿಗೇ ವಾಲಿಬಿಟ್ಟರು. ನಿಂತವರೆಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದಾರೆ. ಒಬ್ಬ ಮುದುಕರು ಎದ್ದು ನಿಂತು ಯಾರಿಗೂ ಅಲ್ಲದೆ "ಇಲ್ಲಿ ಈಜು ಕಲ್ತಿದ್ದೆ ನಾನು" ಅಂದರು. ಹೋಲ್ಡಾನ್ ಹೇಳಿ ಬಸ್ಸು ನಿಲ್ಲಿಸೋಣ ಅನ್ನಿಸಿತು. ಟೈಮ್ ಇರಲಿಲ್ಲ.

ನಿಮ್ಮ ಹೈದರಾಬಾದಿನವರೇ ಸಂಕ್ರಾಂತಿ ಬಂದರೆ ಊರು ಖಾಲಿ ಮಾಡಿಕೊಂಡು ಆಂಧ್ರದ ಕಡೆ ಹೊರಡುತ್ತಾರೆ, ವಿಜಯವಾಡ ರಸ್ತೆಯ ಪಂತಂಗಿ ಟೋಲ್‌ನಲ್ಲಿ ಕಾರುಗಳ ಸಾಲು ಟಿವಿಯಲ್ಲಿ ಪ್ರತಿವರ್ಷ ನೋಡುತ್ತೇನೆ. ಅಷ್ಟು ಜನಕ್ಕೂ ಲೆಕ್ಕ ಬರಲ್ಲ ಅಂತೀಯಾ?

ಇಲ್ಲಿನ ಸಮಾಚಾರ ಕೇಳು. ಈ ಸಲ ಹಬ್ಬಕ್ಕೆ ನಾನು ಮನೆಯಲ್ಲೇ ಇದ್ದೇನಲ್ಲ, ನಿಮ್ಮಮ್ಮನಿಗೆ ನನ್ನನ್ನು ಎಲ್ಲಿ ಇಡಬೇಕೋ ಗೊತ್ತಾಗುತ್ತಿಲ್ಲ. ಕೊಬ್ಬರಿ ಹೆಚ್ಚಲು ಕೂರಿಸಿದಳು. ಮೇಲಿನ ಕಂದು ಸಿಪ್ಪೆ ಹೆರೆದು, ಒಂದೇ ಸಮ ಸಣ್ಣಗೆ ಹೆಚ್ಚಬೇಕಂತೆ. ನಾನು ಹೆಚ್ಚಿದ್ದು ನೋಡಿ, ಇದು ಎಳ್ಳು ಬೆಲ್ಲಕ್ಕಲ್ಲ, ಚಟ್ನಿಗೆ ಅಂದಳು. ಈಗ ಅವರೆಕಾಳು ಹಿತಕುವುದಕ್ಕೆ ಹಾಕಿದ್ದಾಳೆ. ನೆನೆದ ಕಾಳನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಬೇಳೆ ಪುಳಕ್ ಅಂತ ಹಾರುತ್ತದೆ. ಟಿಕೆಟ್ ಮೆಷಿನ್ ಒತ್ತಿ ಒತ್ತಿ ಹೆಬ್ಬೆರಳಿಗೆ ಬಲ ಇದೆ, ಗುರಿ ಇಲ್ಲ. ಪಾತ್ರೆಗಿಂತ ಟಿವಿ ಕೆಳಗೇ ಜಾಸ್ತಿ ಬೇಳೆ ಬಿದ್ದಿವೆ.

ಹಬ್ಬದ ಸಂಜೆ ಚಿಕ್ಕಪ್ಪನ ಊರಿಗೆ ಹೋಗಬೇಕು ಅಂತಿದ್ದೇವೆ. ಊರಾಚೆ ದನಕರುಗಳ ದೇವರು ಕಾಟಮರಾಯನ ಪೂಜೆ ಮಾಡಿ, ಹುಲ್ಲು ಹಾಸಿ ದನಗಳನ್ನು ಕಿಚ್ಚು ಹಾಯಿಸುತ್ತಾರೆ. ಈಗ ಎತ್ತುಗಳು ಎಲ್ಲಿವೆ, ಇರುವುದೆಲ್ಲ ಸೀಮೆ ಹಸು. ಹೋದ ವರ್ಷ ಚಿಕ್ಕಪ್ಪನ ಹಸು ಕೊಂಬಿಗೆ ಬಲೂನು ಕಟ್ಟಿಸಿಕೊಂಡು ಜಂಬವಾಗಿ ಬಂತಂತೆ. ಬೆಂಕಿ ಹತ್ತಿರ ಬಂದು, ನೋಡಿ, ತಿರುಗಿ ಸೀದಾ ಕೊಟ್ಟಿಗೆಗೆ ಹೋಯಿತಂತೆ. ಅದರ ಹಿಂದೆ ಓಡಿದ ಚಿಕ್ಕಪ್ಪನ ಪಂಚೆ ಕಥೆಯನ್ನು ಅವನ ಬಾಯಲ್ಲೇ ಕೇಳಬೇಕು.

ಬರುವುದಾದರೆ ಬೆಂಗಳೂರಿಗೆ ಹೋಗಲೇಬೇಡ. ರಾತ್ರಿ ಬಸ್ಸು ಬಾಗೇಪಲ್ಲಿ ಮೇಲೆ ಬರುತ್ತದಲ್ಲ, ಡ್ರೈವರ್‌ಗೆ ಮೊದಲೇ ಹೇಳಿ ಚಿಕ್ಕಬಳ್ಳಾಪುರದಲ್ಲೇ ಇಳಿ. ನಿದ್ದೆ ಹೋಗಬೇಡ, ಬೈಪಾಸ್ ದಾಟಿದರೆ ದೇವನಹಳ್ಳಿಯೇ ಗತಿ. ಇಳಿದಲ್ಲಿಂದ ಆಟೋ ಹಿಡಿದು ಸ್ಟ್ಯಾಂಡಿಗೆ ಹೋಗು, ಶಿಡ್ಲಘಟ್ಟ, ಚಿಂತಾಮಣಿ ಮೇಲೆ ಕೋಲಾರಕ್ಕೆ ಬರಬಹುದು. ನೇರ ಬಸ್ಸು ಸಿಗದಿದ್ದರೆ ಚಿಂತಾಮಣಿಯಲ್ಲಿ ಬದಲಿಸು. ಚಿಂತಾಮಣಿಯಿಂದ ಆಚೆಗೆ ಎಡಗಡೆ ಕಿಟಕಿ ಹಿಡಿ, ಬೆಳಗಿನ ಬಿಸಿಲು ಬೇಕು ಅನ್ನಿಸುವಷ್ಟು ಚಳಿ ಇದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ಮೂಟೆ ಯಾರಾದರೂ ಹತ್ತಿಸಿದರೆ ವಾಸನೆಗೆ ಮುಖ ಸಿಂಡರಿಸಬೇಡ, ಅವರ ಹಬ್ಬದ ದುಡ್ಡು ಅದರಲ್ಲೇ ಇರುತ್ತದೆ.

ಆಧಾರ್ ಕಾರ್ಡ್ ಕೈಗೆ ಸಿಗುವಂತೆ ಇಟ್ಟುಕೋ. ವಿಳಾಸ ಹೈದರಾಬಾದಿಗೆ ಬದಲಾಯಿಸಿದ್ದರೆ ಫ್ರೀ ಟಿಕೆಟ್ ಸಿಗಲ್ಲ, ಕಂಡಕ್ಟರ್ ಹತ್ತಿರ ವಾದ ಮಾಡದೆ ದುಡ್ಡು ಕೊಡು. ಚಿಲ್ಲರೆ ಇಟ್ಟುಕೊಂಡಿರು.

ನಿನ್ನ ಅಪ್ಪ