ಅನ್ನನಾಳದ ಕ್ಯಾನ್ಸರ್ ರೋಗಿಗಳ ಪ್ರಯಾಣ ಮತ್ತು ವಸತಿ ನಿಧಿಗೆ ದೇಣಿಗೆ ಮನವಿ

ಮಾನ್ಯರೇ,

ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಹಳ್ಳಿಗಳಿಂದ ಹುಬ್ಬಳ್ಳಿಯ ನಮ್ಮ ಟ್ರಸ್ಟಿಗೆ ನೆರವು ಕೇಳಿ ಬರುವ ಅನ್ನನಾಳದ ಕ್ಯಾನ್ಸರ್ ರೋಗಿಗಳಲ್ಲಿ ಹೆಚ್ಚಿನವರು, ಜೋಳದ ರೊಟ್ಟಿ ನುಂಗಲು ಕಷ್ಟವಾದಾಗ ಅದನ್ನು ಹಾಲಿನಲ್ಲಿ ನೆನೆಸಿ ಉಂಡು, ಅದೂ ಇಳಿಯದಾದಾಗ ಅಂಬಲಿಗೆ ಬಂದು, ನೀರೂ ತಡೆದು ನಿಂತ ಮೇಲೆ ದವಾಖಾನೆಯ ದಾರಿ ಹಿಡಿದವರು. ಅಷ್ಟರಲ್ಲಿ ರೋಗ ಬಹಳ ಮುಂದುವರಿದಿರುತ್ತದೆ.

ಇವರಲ್ಲಿ ಕೆಲವರಿಗೆ ಬೆಂಗಳೂರು, ಮುಂಬಯಿಯ ವೈದ್ಯರು, ಚಿಕಿತ್ಸೆಯೊಂದನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಅಧ್ಯಯನವಾದ ಕ್ಲಿನಿಕಲ್ ಟ್ರಯಲ್‌ಗೆ ಸೇರುವ ಅವಕಾಶವಿದೆಯೆಂದು ತಿಳಿಸುತ್ತಾರೆ. “ನಮ್ಮ ಮ್ಯಾಲೆ ಪ್ರಯೋಗ ಮಾಡ್ತಾರೇನ್ರಿ?” ಎಂದು ಮನೆಯವರು ಅಂಜುವುದು ಸಹಜ, ಅವರಿಗೆ ನೇರ ಉತ್ತರ ಸಿಗಲೇಬೇಕು. ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ಕುರಿತ ಕೇಂದ್ರ ಸರಕಾರದ 2019ರ ನಿಯಮಗಳಂತೆ, ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಯ ಅನುಮೋದನೆ ಬೇಕು, ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು, ಸೇರಿದವರು ಯಾವಾಗ ಬೇಕಾದರೂ ಹೊರಬರಬಹುದು, ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಸಿಗಬೇಕು.

ಇಂದಿನ ಚಿಕಿತ್ಸೆಯೂ ಇಂಥ ಅಧ್ಯಯನಗಳಿಂದಲೇ ಬಂದದ್ದು. ನೆದರ್‌ಲ್ಯಾಂಡ್ಸ್‌ನ ಕ್ರಾಸ್ ಟ್ರಯಲ್‌ನ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. 366 ರೋಗಿಗಳಲ್ಲಿ ಬರೀ ಶಸ್ತ್ರಚಿಕಿತ್ಸೆ ಪಡೆದವರ ಬದುಕಿನ ಮಧ್ಯಮ ಅವಧಿ (ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕಿದ ಕಾಲ) 24 ತಿಂಗಳಾಗಿದ್ದರೆ, ಮೊದಲು ಕೀಮೋ ಮತ್ತು ರೇಡಿಯೇಷನ್ ಪಡೆದವರದು 49.4 ತಿಂಗಳಾಗಿತ್ತು. ಆದರೆ ಆ 366 ಜನರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗಿದ್ದದ್ದು ಗ್ರಂಥಿ ಕೋಶಗಳಲ್ಲಿ ಹುಟ್ಟುವ ಅಡಿನೋಕಾರ್ಸಿನೋಮಾ ಎಂಬ ಬಗೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಅನ್ನನಾಳದ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಸ್ಕ್ವಾಮಸ್ ಬಗೆ. ನಮ್ಮ ಜನರ ರೋಗಕ್ಕೆ ಯಾವುದು ಹೆಚ್ಚು ಹಿತವೆಂದು ತಿಳಿಯಬೇಕಾದರೆ ನಮ್ಮವರೂ ಅಧ್ಯಯನಗಳಲ್ಲಿ ಇರಬೇಕೆಂಬುದು ನಮ್ಮ ದೃಢ ನಂಬಿಕೆ.

ಪರೀಕ್ಷೆಯಲ್ಲಿರುವ ಔಷಧ ಉಚಿತವಾದರೂ ಊರು ಬಿಟ್ಟು ಇರುವುದು ಉಚಿತವಲ್ಲ. ಕ್ರಾಸ್ ಮಾದರಿಯ ಚಿಕಿತ್ಸೆಗೇ ವಾರಕ್ಕೆ ಐದು ದಿನದಂತೆ 23 ಸಲ ರೇಡಿಯೇಷನ್ ಬೇಕು. ಮೂಗಿನ ನಳಿಕೆಯಿಂದ ಆಹಾರ ಪಡೆಯುವವರಿಗೆ ಮನೆಯವರು ಗಂಜಿ, ಬೇಳೆಕಟ್ಟು, ಹಾಲನ್ನು ಮಿಕ್ಸರಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ, ಕೆಲವು ತಾಸಿಗೊಮ್ಮೆ ಸಿರಿಂಜಿನಲ್ಲಿ ನಿಧಾನವಾಗಿ ಬಿಡಬೇಕು. ಲಾಡ್ಜಿನಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ. ಜೊತೆಗಿರುವ ಮಗನ ಕೂಲಿಯೂ ಹೋಗುತ್ತದೆ. ಹೀಗಾಗಿ ಅಡುಗೆಮನೆಯುಳ್ಳ ಕೋಣೆಯ ಬಾಡಿಗೆ, ರೈಲು ಟಿಕೆಟ್ ಮತ್ತು ದಿನಸಿಗಾಗಿ ಈ ನಿಧಿಯನ್ನು ಆರಂಭಿಸುತ್ತಿದ್ದೇವೆ.

ಟ್ರಯಲ್ ಸೇರಿದವರಿಗೂ ಬೇಡವೆಂದು ಸಾಮಾನ್ಯ ಚಿಕಿತ್ಸೆ ಪಡೆಯುವವರಿಗೂ ನೆರವು ಒಂದೇ ಆಗಿರುತ್ತದೆ. ಇಲ್ಲದಿದ್ದರೆ ನಮ್ಮ ಹಣವೇ ಬಡವರ ಮೇಲಿನ ಒತ್ತಡವಾದೀತು. ಅದೇ ಕಾರಣಕ್ಕೆ ಔಷಧ ಕಂಪನಿಗಳಿಂದ ದೇಣಿಗೆ ಸ್ವೀಕರಿಸುವುದಿಲ್ಲ.

ದಾನಿಗಳು ಟ್ರಸ್ಟಿನ ಹೆಸರಿಗೆ ಚೆಕ್ ಅಥವಾ ಯುಪಿಐ ಮೂಲಕ ಯಥಾಶಕ್ತಿ ದೇಣಿಗೆ ನೀಡಿ ರಸೀದಿ ಪಡೆಯಬೇಕೆಂದು ವಿನಂತಿ. ಬೆಂಗಳೂರಿನಲ್ಲಿ ಅಡುಗೆಮನೆಯಿರುವ ಕೋಣೆಯನ್ನು ಒಂದೆರಡು ತಿಂಗಳ ಮಟ್ಟಿಗೆ ಬಿಟ್ಟುಕೊಡಬಲ್ಲವರು ದಯವಿಟ್ಟು ಕಚೇರಿಗೆ ತಿಳಿಸಬೇಕು.

ಇಂತಿ,
ಧರ್ಮದರ್ಶಿಗಳು, ಹುಬ್ಬಳ್ಳಿ