ಮೊದಲು ಸಿಪಿಎಲ್ ತಗೋ, ಎನ್‌ಡಿ ಆಮೇಲೆ

ಮೈಸೂರು

ಪ್ರೀತಿಯ ಗೆಳೆಯಾ,

ಕೊನೆಗೂ ಕ್ಯಾಮೆರಾ ತೆಗೆದುಕೊಂಡೆಯಲ್ಲ, ತುಂಬಾ ಖುಷಿಯಾಯಿತು. ನೀರು ಹಾಲಿನ ಹಾಗೆ ಕಾಣುವ ಫೋಟೊ ತೆಗೆಯಬೇಕು, ಎನ್‌ಡಿ 1000 ಫಿಲ್ಟರ್ (ಬೆಳಕು ತಗ್ಗಿಸಿ ಶಟರ್ ಹೆಚ್ಚು ಹೊತ್ತು ತೆರೆದಿಡಲು ಬಿಡುವ ಕಪ್ಪು ಗಾಜು) ತರಿಸಲಾ ಅಂತ ಕೇಳಿದ್ದೀಯ. ಈಗಲೇ ಬೇಡ ಕಣೋ. ಆ ದುಡ್ಡಿಗೆ ಮೊದಲು ಒಂದು ಒಳ್ಳೆಯ ಸಿಪಿಎಲ್, ಅಂದರೆ ಹೊಳಪು ತಡೆಯುವ ಪೋಲರೈಸರ್ ಫಿಲ್ಟರ್, ತೆಗೆದುಕೋ. ಯಾಕೆ ಅಂತ ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಬಲಮುರಿ ನಿನಗೆ ಗೊತ್ತಲ್ಲ. ಕಟ್ಟೆಯ ಮೇಲಿಂದ ಕಾವೇರಿ ತೆಳ್ಳಗೆ ಇಳಿಯುತ್ತಾಳೆ, ಕೆಳಗೆ ಬಂಡೆಗಳು. ಒದ್ದೆ ಬಂಡೆಯ ಮೇಲೆ ಆಕಾಶದ ಬೆಳಕು ಬಿದ್ದು ಬೆಳ್ಳಗೆ ಹೊಳೆಯುತ್ತದೆ. ಫೋಟೊದಲ್ಲಿ ಆ ಹೊಳಪು ಬಂಡೆಯ ಬಣ್ಣವನ್ನೇ ನುಂಗಿಬಿಡುತ್ತದೆ. ಸಿಪಿಎಲ್ ಹಾಕಿ ಅದರ ಉಂಗುರವನ್ನು ನಿಧಾನವಾಗಿ ತಿರುಗಿಸು. ಒಂದು ಕಡೆ ಬಂದಾಗ ಹೊಳಪು ಹೋಗುತ್ತದೆ. ಬಂಡೆಯ ಕಂದು, ಪಾಚಿಯ ಹಸಿರು, ನೀರಿನಡಿಯ ಕಲ್ಲು ಎಲ್ಲ ಎದ್ದು ಬರುತ್ತವೆ. ನೀರು, ಎಲೆ, ಒದ್ದೆ ಕಲ್ಲಿಗೆ ಓರೆಯಾಗಿ ತಾಗಿ ಬರುವ ಬೆಳಕು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿರುತ್ತದೆ. ಸಿಪಿಎಲ್ ತಡೆಯುವುದು ಅದನ್ನೇ. ಲೋಹದ ಹೊಳಪಿಗೆ ಮಾತ್ರ ಇದು ನಾಟುವುದಿಲ್ಲ.

ಹೊಳಪಿನಡಿ ಮುಚ್ಚಿಹೋದ ಬಣ್ಣ ಫೈಲಿನಲ್ಲೇ ಇರುವುದಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಅದು ಬಾರದು. ಎನ್‌ಡಿಯ ಕೆಲಸ ಹಾಗಲ್ಲ. ಕ್ಯಾಮೆರಾ ಅಲುಗಾಡದ ಹಾಗೆ ಇಟ್ಟು ಸಾಲಾಗಿ ತುಂಬಾ ಫೋಟೊ ತೆಗೆದು, ಸಾಫ್ಟ್‌ವೇರಿನಲ್ಲಿ ಸರಾಸರಿ ಮಾಡಿದರೆ ಹೆಚ್ಚುಕಡಿಮೆ ಅದೇ ನಯವಾದ ನೀರು ಸಿಗುತ್ತದೆ. ಹಾಗಾದರೆ ದುಡ್ಡು ಯಾವುದಕ್ಕೆ ಮೊದಲು ಹಾಕಬೇಕು, ನೀನೇ ಹೇಳು.

ನಿಮ್ಮ ಮಂಡ್ಯ ಕಡೆಯ ಗದ್ದೆಗಳಿಗಂತೂ ಸಿಪಿಎಲ್ ಬೇಕೇ ಬೇಕು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಕಬ್ಬಿನ ಗರಿ ಮಧ್ಯಾಹ್ನದ ಬಿಸಿಲಲ್ಲಿ ಹಸಿರಾಗಿ ಕಾಣುವುದಕ್ಕಿಂತ ಬೆಳ್ಳಗೆ ಮಿಂಚುವುದೇ ಜಾಸ್ತಿ. ಅಲ್ಲಿ ತಿರುಗಿಸಿ ನೋಡು, ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಕುಕ್ಕರಹಳ್ಳಿ ಕೆರೆಯಲ್ಲಿ ಮರದ ಪ್ರತಿಬಿಂಬ ನೀರಿನಲ್ಲಿ ಕಾಣಬೇಕು ಅಂತಿದ್ದರೆ ಸಿಪಿಎಲ್ ಬಿಚ್ಚಿಡು. ಇಲ್ಲದಿದ್ದರೆ ಆ ಪ್ರತಿಬಿಂಬವೂ ಹೋಗಿಬಿಡುತ್ತದೆ.

ಇನ್ನೊಂದು ಲಾಭ ಇದೆ. ಸಿಪಿಎಲ್ ತಾನೇ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ಕಡಿಮೆ ಮಾಡುತ್ತದೆ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ. ಬೆಳಗ್ಗೆ ಬಿಸಿಲು ಏರುವ ಮೊದಲು ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಎಫ್/11 (ಲೆನ್ಸಿನ ಕಿಂಡಿಯ ಅಳತೆ) ಇಟ್ಟರೆ, ಬರೀ ಇದರಿಂದಲೇ ಶಟರ್ 1/4 ಸೆಕೆಂಡು ತೆರೆದಿರುತ್ತದೆ. ಬಲಮುರಿಗೆ ಅಷ್ಟು ಸಾಕು.

ಸಾಕು ಅಂದೆನಲ್ಲ, ನಾನು ಗಟ್ಟಿಯಾಗಿ ನಂಬಿರುವ ಮಾತು ಅದು. ಎಲ್ಲ ನೀರಿಗೂ 30 ಸೆಕೆಂಡು ಕೊಡಬಾರದು. ಬಲಮುರಿಯ ನೀರಿಗೆ ಎಳೆ ಎಳೆಯಾದ ಹರಿವು ಇದೆ. 1/4ರಿಂದ 1 ಸೆಕೆಂಡಿನೊಳಗೆ ತೆಗೆದರೆ ಆ ಎಳೆಗಳು ಉಳಿಯುತ್ತವೆ. 30 ಸೆಕೆಂಡಿಗೆ ಅದು ಬರೀ ಮಂಜು, ಯಾವ ಊರಿನ ನೀರು ಅಂತಲೂ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಶಿವನಸಮುದ್ರಕ್ಕೆ ಹೋದರೆ ಇನ್ನೂ ಕಡಿಮೆ ಸಾಕು. ಗಗನಚುಕ್ಕಿ ತುಂಬಿ ಬೀಳುವಾಗ 1/8 ಸೆಕೆಂಡಿನಲ್ಲೇ ನೀರಿನ ರಭಸ ಗೆರೆ ಗೆರೆಯಾಗಿ ಬರುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಒಂದು ಬಿಳಿ ಗೋಡೆ ಅಷ್ಟೇ.

ಎನ್‌ಡಿ 1000 ನಿಜವಾಗಿ ಬೇಕಾಗುವುದು ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯ ಹತ್ತಿರ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ಕಲ್ಲಿನ ಸೇತುವೆ. ಅಲ್ಲಿ ಹೊಳೆ ಅಗಲ. ನೀರಿನ ಮೇಲಿನ ಸಣ್ಣ ಸಣ್ಣ ಅಲೆಗಳು ಸುಮ್ನೆ ಕಣ್ಣು ಎಳೆಯುತ್ತವೆ. ಅವು ಅಳಿಸಿಹೋದರೆ ಕಲ್ಲಿನ ಕಂಬಗಳ ಸಾಲು ಎಷ್ಟು ಚೆನ್ನಾಗಿ ನಿಲ್ಲುತ್ತದೆ ಗೊತ್ತಾ! ಎನ್‌ಡಿ 1000 ಹತ್ತು ಸ್ಟಾಪಿನದು. 1/30 ಸೆಕೆಂಡಿನ ಫೋಟೊ ಸುಮಾರು 30 ಸೆಕೆಂಡಿಗೆ ಹೋಗುತ್ತದೆ. ಆರು ಸ್ಟಾಪಿನ ಎನ್‌ಡಿ 64 ಹಾಕಿದರೆ ಅದೇ ಬೆಳಕಿಗೆ 2 ಸೆಕೆಂಡು. ನನ್ನನ್ನು ಕೇಳಿದರೆ ಸಿಪಿಎಲ್ ಆದ ಮೇಲೆ 64 ತಗೋ, ನಮ್ಮ ಹೊಳೆಗಳಿಗೆ ಅದೇ ಹೆಚ್ಚು ಉಪಯೋಗ. ತಿರುಗಿಸಿ ಕತ್ತಲೆ ಹೆಚ್ಚಿಸುವ ವೇರಿಯಬಲ್ ಎನ್‌ಡಿಯನ್ನು ಕೊನೆಯವರೆಗೂ ತಿರುಗಿಸಿದರೆ, ವೈಡ್ ಲೆನ್ಸಿನಲ್ಲಿ ಫೋಟೊದ ಮೇಲೆ X ಆಕಾರದ ಕಪ್ಪು ಪಟ್ಟೆ ಬೀಳುತ್ತದೆ. ನನಗೆ ಅದು ಇಷ್ಟವಿಲ್ಲ.

ಗಾಢವಾದ ಎನ್‌ಡಿ ಹಾಕಿದ ಮೇಲೆ ಫೋಕಸ್ ಸಿಗುವುದು ಕಷ್ಟ. ಮೊದಲು ಫೋಕಸ್ ಮಾಡು, ಮ್ಯಾನ್ಯುಯಲ್‌ಗೆ ಹಾಕು, ಆಮೇಲೆ ಫಿಲ್ಟರ್ ತಿರುಚು. ಟ್ರೈಪಾಡ್ ಮೇಲಿದ್ದಾಗ ಸ್ಟೆಬಿಲೈಸೇಶನ್ (ಕೈಯ ಅಲುಗಾಟ ಸರಿದೂಗಿಸುವ ಸೌಲಭ್ಯ) ಆಫ್ ಮಾಡಿ, 2 ಸೆಕೆಂಡಿನ ಟೈಮರ್ ಇಡು. ನಿನ್ನದು ಡಿಎಸ್ಎಲ್ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಆದರೆ ಕಣ್ಣಿಟ್ಟು ನೋಡುವ ವ್ಯೂಫೈಂಡರಿಗೆ ಒಂದು ಬಟ್ಟೆ ಮುಚ್ಚು, ಅಲ್ಲಿಂದಲೂ ಬೆಳಕು ನುಗ್ಗುತ್ತದೆ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ (ಹೆಚ್ಚು ಹೊತ್ತಿನ ಫೋಟೊದಲ್ಲಿ ಬೀಳುವ ಚುಕ್ಕೆ ತೆಗೆಯುವ ಸೌಲಭ್ಯ) ಆನ್ ಇದ್ದರೆ 30 ಸೆಕೆಂಡಿನ ಫೋಟೊ ಆದ ಮೇಲೆ ಕ್ಯಾಮೆರಾ ಇನ್ನೂ 30 ಸೆಕೆಂಡು ಸುಮ್ಮನಿರುತ್ತದೆ. ಕೆಟ್ಟಿತು ಅಂತ ಗಾಬರಿಯಾಗಬೇಡ.

ಅರಮನೆ ದೀಪದ ಬಗ್ಗೆಯೂ ನೀನು ಕೇಳಿದ್ದೆ. ಅಲ್ಲಿ ಯಾವ ಫಿಲ್ಟರೂ ಬೇಡ, ಲೆನ್ಸ್ ಕಾಪಾಡಲು ಹಾಕುವ ಯುವಿ ಕೂಡ ತೆಗೆದುಬಿಡು. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬಿನ ಬೆಳಕು ಆ ಗಾಜಿನಲ್ಲಿ ಪ್ರತಿಫಲಿಸಿ ಕಪ್ಪು ಆಕಾಶದಲ್ಲಿ ಚುಕ್ಕೆಗಳಾಗಿ ಬೀಳುತ್ತದೆ. ಭಾನುವಾರ ದೀಪ ಹಾಕುವುದು ಸಂಜೆ 7ರ ಸುಮಾರಿಗೆ. ಡಿಸೆಂಬರಿನಲ್ಲಿ ಅಷ್ಟು ಹೊತ್ತಿಗೆ ಪೂರ್ತಿ ಕತ್ತಲು. ಜೂನ್, ಜುಲೈನಲ್ಲಿ ಸೂರ್ಯ ಮುಳುಗುವುದೇ 6:50ರ ಹತ್ತಿರ, ಹಾಗಾಗಿ ದೀಪ ಹತ್ತಿದಾಗ ಆಕಾಶ ಇನ್ನೂ ನೀಲಿಯಾಗಿರುತ್ತದೆ. ಮೋಡ ಬಿಟ್ಟುಕೊಟ್ಟರೆ ಅದೇ ಒಳ್ಳೆಯ ಕಾಲ. ಚಾಮರಾಜ ವೃತ್ತದ ಕಡೆಯಿಂದ ಕೆಲವು ಸೆಕೆಂಡು ತೆಗೆದರೆ ಗಾಡಿಗಳು ಬೆಳಕಿನ ಗೆರೆಗಳಾಗುತ್ತವೆ.

ಬಲಮುರಿಗೆ ಒಬ್ಬನೇ ಹೋಗಬೇಡ. ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಅಲ್ಲಿ ಬೇಗ ಏರುತ್ತದೆ. ಬಂಡೆ ಮೇಲೆ ಟ್ರೈಪಾಡ್ ಇಟ್ಟು ಮೈಮರೆತು ನಿಲ್ಲುವ ಜಾಗ ಅಲ್ಲ ಅದು. ಮಳೆ ತಗ್ಗಿ ಹೊಳೆ ಇಳಿದ ಮೇಲೆ ಇಬ್ಬರೂ ಹೋಗೋಣ. ನನ್ನ ಸಿಪಿಎಲ್ 77 ಎಂ.ಎಂ.ನದು. ನಿನ್ನ ಲೆನ್ಸಿನ ಮೂತಿಯ ಮೇಲೆ ಸೊನ್ನೆಗೆ ಅಡ್ಡಗೆರೆ ಎಳೆದಂಥ ಗುರುತಿನ ಪಕ್ಕ ಒಂದು ಸಂಖ್ಯೆ ಇರುತ್ತದೆ, 55 ಅಥವಾ 58 ಇರಬಹುದು. ಅದನ್ನು ನೋಡಿ ತಿಳಿಸು. ಸರಿಹೊಂದುವ ಸ್ಟೆಪ್-ಅಪ್ ರಿಂಗ್ (ಚಿಕ್ಕ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂರಿಸುವ ಉಂಗುರ) ತಂದಿಟ್ಟಿರುತ್ತೇನೆ. ಕೊಳ್ಳುವ ಮೊದಲು ನನ್ನದನ್ನೇ ಹಾಕಿ ನೋಡು.

ನಿನ್ನ ಗೆಳೆಯ