ಹಳೆ ವೈಸು ಗುಜರಿಗೆ ಹೋಗುವ ಮುನ್ನ ಒಮ್ಮೆ ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ಆಯುಧಪೂಜೆ ಹತ್ತಿರ ಬಂತೆಂದರೆ ಗ್ಯಾರೇಜು, ವೆಲ್ಡಿಂಗ್ ಶಾಪು, ಐಟಿಐ ವರ್ಕ್‌ಶಾಪುಗಳಲ್ಲಿ ಬೆಂಚ್ ವೈಸಿಗೆ, ಅಂದರೆ ಕೆಲಸದ ತುಂಡನ್ನು ಎರಡು ದವಡೆಗಳ ನಡುವೆ ಬಿಗಿಹಿಡಿಯುವ ಸಾಧನಕ್ಕೆ, ಬಣ್ಣ ಬಳಿಯುವ ಕೆಲಸ ಶುರುವಾಗುತ್ತದೆ. ತುಕ್ಕಿನ ಮೇಲೇ ಬಣ್ಣ, ಜಾರುವ ಭಾಗದ ಮೇಲೂ ಬಣ್ಣ, ದವಡೆಗೆ ತಿರುಪಿನಿಂದ ಕೂರಿಸಿದ ಜಾ ಪ್ಲೇಟಿನ ಹಲ್ಲಿನೊಳಗೂ ಬಣ್ಣ. ಹಬ್ಬ ಕಳೆದು ತಿಂಗಳಾಗುವಷ್ಟರಲ್ಲಿ ಹ್ಯಾಂಡಲ್ ತಿರುಗಿಸಿದರೆ ಕಿರುಗುಟ್ಟುತ್ತದೆ, ಬಿಗಿ ಮಾಡಿದರೆ ಹಿಡಿತ ಜಾರುತ್ತದೆ. ಆಗ ‘ಇದು ಹೋಯ್ತು’ ಎಂದು ಮೂಲೆಗೆ, ಮೂಲೆಯಿಂದ ಕಿಲೊ ಲೆಕ್ಕದಲ್ಲಿ ಗುಜರಿಗೆ. ಹೀಗೆ ಹೋಗುವ ಎಷ್ಟೋ ವೈಸುಗಳ ಮೈ ಗಟ್ಟಿಯಾಗಿಯೇ ಇರುತ್ತದೆ. ಸವೆದಿರುವುದು ನಟ್ಟು, ಸ್ಕ್ರೂ, ಜಾ ಪ್ಲೇಟು, ಒಂದೆರಡು ವಾಶರು. ಸವೆದಾಗ ಬದಲಾಯಿಸಲಿ ಎಂದೇ ಇವನ್ನು ಬಿಡಿ ಬಿಡಿಯಾಗಿ ಮಾಡಿರುವುದು.

ಮೊದಲು ಹುಡುಕಬೇಕಾದದ್ದು ಬಿರುಕು. ಸಾಮಾನ್ಯ ವೈಸಿನ ಮೈ ಬೀಡು ಕಬ್ಬಿಣ. ಒತ್ತಿದರೆ ಎಷ್ಟು ತಡೆಯುತ್ತದೋ ಎಳೆದರೆ ಅದರ ಮೂರರಲ್ಲಿ ಅಥವಾ ನಾಲ್ಕರಲ್ಲಿ ಒಂದು ಪಾಲನ್ನಷ್ಟೇ ತಡೆಯುತ್ತದೆ. ಬಿಗಿ ಮಾಡಿದಾಗ ದವಡೆಯ ಒಳಬದಿಯ ಬುಡ ಎಳೆತಕ್ಕೆ ಸಿಗುತ್ತದೆ, ಬಿರುಕು ಹುಟ್ಟುವುದೂ ಅಲ್ಲೇ. ಸ್ಲೈಡಿನ (ಮುಂದಿನ ದವಡೆಯ ಜಾರುವ ಭಾಗ) ಕುತ್ತಿಗೆ ಮತ್ತು ತಳದ ಬೋಲ್ಟ್ ಕಿವಿಗಳನ್ನೂ ನೋಡಬೇಕು. ಅನುಮಾನವಿರುವ ಜಾಗವನ್ನು ಬ್ರಷ್ಷಿನಿಂದ ಉಜ್ಜಿ ಸೀಮೆಎಣ್ಣೆ ಹಚ್ಚಿ ಕಾಲು ಗಂಟೆ ಬಿಡಿ. ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಸವರಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮತ್ತೆ ಮೇಲೆ ಬಂದು ಬಿಳಿಯ ಮೇಲೆ ಕೂದಲೆಳೆಯಂಥ ಒದ್ದೆ ಗೆರೆ ಮೂಡುತ್ತದೆ. ಆ ಗೆರೆ ದವಡೆಯ ಬುಡದಲ್ಲೋ ಸ್ಲೈಡಿನಲ್ಲೋ ಕಂಡರೆ ಮುಂದಿನ ಖರ್ಚು ವ್ಯರ್ಥ. ಬೀಡಿಗೆ ಸಾಮಾನ್ಯ ವೆಲ್ಡಿಂಗ್ ರಾಡು ಹಿಡಿದರೆ ವೆಲ್ಡಿನ ಪಕ್ಕದಲ್ಲೇ ಹೊಸ ಬಿರುಕು ಬೀಳುತ್ತದೆ. ಬಿರುಕು ಇಲ್ಲವೆಂದರೆ ವೈಸು ಬದುಕಿದೆ ಎಂದೇ ಲೆಕ್ಕ.

ಜಾಮ್ ಆದ ವೈಸಿನ ಹ್ಯಾಂಡಲ್‌ಗೆ ಪೈಪು ಸಿಕ್ಕಿಸಿ ಎಳೆಯುವುದು ನಮ್ಮಲ್ಲಿ ವಾಡಿಕೆ. ಹ್ಯಾಂಡಲ್ ಬಾಗುತ್ತದೆ, ಇಲ್ಲವೇ ಸ್ಕ್ರೂ ತಿರುಗುವ ಒಳಗಿನ ಬಾಕ್ಸ್ ನಟ್ ಒಡೆಯುತ್ತದೆ. ಅದರ ಬದಲು ಸೀಮೆಎಣ್ಣೆಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ, ಸ್ಕ್ರೂ ನಟ್ಟಿನೊಳಗೆ ಹೋಗುವ ಜಾಗಕ್ಕೆ ಬೆಳಿಗ್ಗೆ ಸಂಜೆ ಬಿಡುತ್ತಾ ಎರಡು ಮೂರು ದಿನ ಕಾಯಿರಿ. ನಡುನಡುವೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ. ಮೊದಲು ಕಾಲು ಸುತ್ತು ಬಿಗಿಯುವ ಕಡೆಗೆ, ಆಮೇಲೆ ಸಡಿಲಿಸುವ ಕಡೆಗೆ, ಹೀಗೆ ಹಿಂದೆ ಮುಂದೆ ಆಡಿಸಿದರೆ ಬಿಡುತ್ತದೆ. ಗ್ಯಾಸ್ ಟಾರ್ಚಿನಿಂದ ಒಂದೇ ಕಡೆ ಕೆಂಪಗೆ ಕಾಯಿಸಿ ನೀರು ಹೊಯ್ದರೆ ಬೀಡು ಸೀಳುತ್ತದೆ. ಆ ಕೆಲಸಕ್ಕೆ ಕೈ ಹಾಕಲೇಬಾರದು.

ಸ್ಕ್ರೂ ನಟ್ಟಿನಿಂದ ಹೊರಬಂದ ಕ್ಷಣ ಮುಂದಿನ ದವಡೆ ಪೂರ್ತಿ ಕಳಚಿ ಬರುತ್ತದೆ. ಆರಿಂಚಿನ ವೈಸಿನಲ್ಲಿ ಅದು ಒಂದು ಕೈಯಲ್ಲಿ ಹಿಡಿಯುವ ತೂಕವಲ್ಲ, ಕೆಳಗೆ ಮರದ ದಿಮ್ಮಿ ಇಟ್ಟುಕೊಂಡೇ ತಿರುಗಿಸಬೇಕು. ಆಮೇಲೆ ಸ್ಪ್ಲಿಟ್ ಪಿನ್, ಸ್ಕ್ರೂವನ್ನು ದವಡೆಗೆ ಹಿಡಿದಿಡುವ ಕಾಲರ್ ಬಳೆ, ವಾಶರು, ಸ್ಪ್ರಿಂಗು ತೆಗೆದು ಸ್ಕ್ರೂ ಎಳೆದುಕೊಳ್ಳಿ. ಯಾವುದರ ಹಿಂದೆ ಯಾವುದಿತ್ತು ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ವಾಶರಿನ ಸರದಿ ತಪ್ಪಿದರೆ ಸ್ಕ್ರೂವಿನ ಭುಜ ನೇರವಾಗಿ ಬೀಡಿಗೆ ಉಜ್ಜಿ ಅದನ್ನು ತಿನ್ನುತ್ತದೆ.

ತುಕ್ಕು ತೆಗೆಯಲು ಸಿಟ್ರಿಕ್ ಆಸಿಡ್ ಪುಡಿ ಸಾಕು. ಲೀಟರ್ ನೀರಿಗೆ 50 ಗ್ರಾಂ ಕರಗಿಸಿ ಸ್ಕ್ರೂ, ನಟ್ಟು, ಹ್ಯಾಂಡಲ್‌ಗಳನ್ನು ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಉಜ್ಜಿ, ವಾಷಿಂಗ್ ಸೋಡಾ ನೀರಿನಲ್ಲಿ ಅದ್ದಿ, ಬಿಸಿನೀರಿನಲ್ಲಿ ತೊಳೆದು, ಕೈ ಸುಡುವಷ್ಟು ಬಿಸಿ ಇರುವಾಗಲೇ ಒರೆಸಿ ಎಣ್ಣೆ ಹಚ್ಚಬೇಕು. ತಡಮಾಡಿದರೆ ಕಣ್ಣೆದುರೇ ಅರಿಸಿನ ಬಣ್ಣದ ಹೊಸ ತುಕ್ಕು ಏರುತ್ತದೆ. ಸ್ಪ್ರಿಂಗು ಮತ್ತು ಕಾಯಿಸಿ ತಣಿಸಿ ಗಟ್ಟಿಗೊಳಿಸಿದ (ಹದಗೊಳಿಸಿದ) ಜಾ ಪ್ಲೇಟನ್ನು ಮಾತ್ರ ಆಸಿಡ್‌ನಲ್ಲಿ ನೆನೆಹಾಕಬೇಡಿ. ಅಲ್ಲಿ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಅವಕ್ಕೆ ವೈರ್ ಬ್ರಷ್ಷು, ಸೀಮೆಎಣ್ಣೆಯೇ ಸರಿ.

ಇನ್ನು ಮುಖ್ಯ ವಿಷಯ, ವರ್ಕ್‌ಶಾಪಿನಲ್ಲಿ ‘ಪ್ಲೇ’ ಎನ್ನುವ ಸಡಿಲ. ಇದರಲ್ಲಿ ಎರಡು ಬಗೆಯಿದೆ, ಎರಡನ್ನೂ ಒಂದೇ ಎಂದುಕೊಂಡು ಸುಮ್ಮನೆ ಹೊಸ ನಟ್ಟು ಮಾಡಿಸುವವರಿದ್ದಾರೆ. ವೈಸು ಜೋಡಿಸಿರುವಾಗ ಬಿಗಿ ಮಾಡಿ, ಮೆಲ್ಲಗೆ ಸಡಿಲಿಸುತ್ತಾ ಸ್ಕ್ರೂವಿನ ತಲೆಯನ್ನೇ ನೋಡಿ. ತಲೆ ನಿಮ್ಮ ಕಡೆಗೆ ಬರುತ್ತಿದ್ದು ದವಡೆ ಮಾತ್ರ ನಿಂತಲ್ಲೇ ನಿಂತಿದ್ದರೆ ದೋಷ ಕಾಲರ್ ಕಡೆ. ಒಂದೋ ಎರಡೋ ಮಿಲಿಮೀಟರ್ ದಪ್ಪದ ವಾಶರು ಸೇರಿಸಿದರೆ ಮುಗಿಯಿತು. ತಲೆಯೂ ಬರದೆ ಸ್ಕ್ರೂ ಸುಮ್ಮನೆ ಸುತ್ತುತ್ತಿದ್ದರೆ ನಟ್ಟು ಸವೆದಿದೆ. ಒಂದು ಸುತ್ತಿಗೆ 6 ಮಿ.ಮೀ. ಸರಿಯುವ (6 ಮಿ.ಮೀ. ಪಿಚ್ಚಿನ) ಚೌಕ ಥ್ರೆಡ್ಡಿನಲ್ಲಿ ಹೊಸದಿದ್ದಾಗ ಒಂದೊಂದು ಹಲ್ಲು 3 ಮಿ.ಮೀ. ದಪ್ಪ. ಕಾಲು ಸುತ್ತು ಬರಿದೆ ಹೋಯಿತೆಂದರೆ ನಟ್ಟು ಸ್ಕ್ರೂ ಎರಡೂ ಸೇರಿ 1.5 ಮಿ.ಮೀ. ಸವೆದಿವೆ, ಸದ್ಯಕ್ಕೆ ನಡೆಯುತ್ತದೆ. ಅರ್ಧ ಸುತ್ತು ಹೋದರೆ ಬದಲಾಯಿಸಲೇಬೇಕು.

ಸ್ಕ್ರೂವನ್ನು ಉದ್ದಕ್ಕೂ ನೋಡಿದರೆ ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ದಿನದ ಕೆಲಸವೆಲ್ಲ ದವಡೆ ಎರಡಿಂಚು ತೆರೆಯುವುದರೊಳಗೇ ನಡೆಯುವುದರಿಂದ ಆ ಭಾಗದ ಹಲ್ಲುಗಳು ಒಂದು ಮಗ್ಗುಲಲ್ಲಿ ಮಾತ್ರ ಸವೆದು ಗರಗಸದ ಹಲ್ಲಿನಂತೆ ಚೂಪಾಗಿರುತ್ತವೆ. ತುದಿಯ ಹಲ್ಲುಗಳು ಹೊಸದರಂತೆಯೇ ಚೌಕವಾಗಿರುತ್ತವೆ. ಸವೆದ ಕಡೆಯ ಹಲ್ಲು ತುದಿಯದರ ಅರ್ಧಕ್ಕಿಂತ ತೆಳುವಾಗಿದ್ದರೆ ನಟ್ಟಿನ ಜತೆ ಸ್ಕ್ರೂವನ್ನೂ ಮಾಡಿಸಿ. ಇಲ್ಲದಿದ್ದರೆ ಹೊಸ ನಟ್ಟು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಲೇತಿನವರಿಗೆ ಸ್ಕ್ರೂ ಇಎನ್‌8 ಉಕ್ಕಿನಲ್ಲಿ, ನಟ್ಟು ತಾಮ್ರ-ತವರದ ಗನ್‌ಮೆಟಲ್ಲಿನಲ್ಲಿ, ಹಳೆಯದರಷ್ಟೇ ಉದ್ದಕ್ಕೆ ಎಂದು ಬಿಡಿಸಿ ಹೇಳಬೇಕು. ಗನ್‌ಮೆಟಲ್ ಮೆತ್ತಗಿರುವುದರಿಂದ ತಾನು ಸವೆದು ಸ್ಕ್ರೂ ಉಳಿಸುತ್ತದೆ. ಚೌಕ ಥ್ರೆಡ್ಡಿನ ಟೂಲ್ ಸಾಣೆ ಹಿಡಿಯುವುದು ತಾಪತ್ರಯವೆಂದು ಕೆಲವರು ‘ವಿ’ ಥ್ರೆಡ್ ಹಾಕಿಕೊಡುತ್ತಾರೆ. ಒಪ್ಪಬೇಡಿ. ‘ವಿ’ ಥ್ರೆಡ್ಡು ಬೆಣೆಯ ಹಾಗೆ ನಟ್ಟನ್ನು ಹೊರಕ್ಕೆ ತಳ್ಳಿ ಸೀಳಿಸುತ್ತದೆ, ಕೈಗೂ ಹೆಚ್ಚು ಭಾರ.

ಜಾ ಪ್ಲೇಟಿನ ತಿರುಪುಗಳಲ್ಲಿ ಒಂದು ಮೋಸವಿದೆ. ಹಳೆಯ ಇಂಗ್ಲಿಷ್ ವೈಸುಗಳಲ್ಲಿ ಮೆಟ್ರಿಕ್ ಅಲ್ಲ, ಇಂಚಿನ ಲೆಕ್ಕದ ವಿಟ್‌ವರ್ತ್ ಥ್ರೆಡ್ಡು. 5/16 ಇಂಚಿನ ವಿಟ್‌ವರ್ತಿನ ವ್ಯಾಸ 7.94 ಮಿ.ಮೀ., ಇಂಚಿಗೆ 18 ಹಲ್ಲು. ಎಂ8 (8 ಮಿ.ಮೀ. ಮೆಟ್ರಿಕ್) ತಿರುಪಿಗೆ ಇಂಚಿಗೆ ಸುಮಾರು 20 ಹಲ್ಲು. ನೋಡಲು ಅಣ್ಣತಮ್ಮಂದಿರಂತಿರುತ್ತವೆ. ಎಂ8 ಒಂದೆರಡು ಸುತ್ತು ಸಲೀಸಾಗಿ ಹೋಗಿ ಬಿಗಿಯಾಗುತ್ತದೆ. ಅಲ್ಲಿಂದ ಮುಂದೆ ಬಲ ಹಾಕಿದರೆ ಬೀಡಿನ ಥ್ರೆಡ್ಡು ಪುಡಿಯಾಗಿ ಉದುರುತ್ತದೆ. ಆಗ 8.5 ಮಿ.ಮೀ. ಡ್ರಿಲ್ ಹಾಕಿ ಎಂ10 ಟ್ಯಾಪು ಹೊಡೆದು ಹೊಸ ಥ್ರೆಡ್ಡು ಕೊರೆಯುವುದು ಒಂದು ದಾರಿ.

ಪ್ಲೇಟು ಹೊಸದಾಗಿ ಮಾಡುವುದಾದರೆ 12 ಮಿ.ಮೀ. ಇಎನ್‌8 ಪಟ್ಟಿ ಸಾಕು. ತೂತುಗಳ ಅಂತರವನ್ನು ಸ್ಕೇಲಿನಲ್ಲಿ ಅಳೆಯದೆ ಹಳೆ ಪ್ಲೇಟನ್ನೇ ಮೇಲಿಟ್ಟು ಗುರುತು ಮಾಡಿ. ತಿರುಪಿನ ತಲೆ ಮೇಲ್ಮೈಗಿಂತ ಅರ್ಧ ಮಿಲಿಮೀಟರಾದರೂ ಒಳಗಿರಲಿ. ದೊರಗು ಗೆರೆಗಳನ್ನು ಹದ ಹಾಕುವ ಮೊದಲೇ ಹ್ಯಾಕ್ಸಾದಲ್ಲಿ ಕೊರೆದುಕೊಳ್ಳಿ. ಕೂರಿಸುವ ಜಾಗವನ್ನು ಬೆರಳಿನಿಂದ ಸವರಿ ನೋಡಿ. ಒಂದೇ ಒಂದು ಕಬ್ಬಿಣದ ಚೂರು ಹಿಂದೆ ಸಿಕ್ಕಿಕೊಂಡರೂ ಪ್ಲೇಟು ತೂಗಾಡಿ ತಿರುಪು ಮುರಿಯುತ್ತದೆ. ತಿರುಪುಗಳನ್ನು ಮೊದಲು ಸಡಿಲವಾಗಿ ಹಾಕಿ, ವೈಸನ್ನು ಮುಚ್ಚಿ ಎರಡೂ ಪ್ಲೇಟು ಒಂದಕ್ಕೊಂದು ಕೂತ ಮೇಲೆ ಬಿಗಿಯಬೇಕು.

ಜೋಡಿಸಿದ ಮೇಲೆ ಕಾಗದದ ಪರೀಕ್ಷೆ. ದವಡೆಯ ನಾಲ್ಕು ಮೂಲೆಗಳಿಗೆ ತೆಳು ಕಾಗದದ ಪಟ್ಟಿ ಇಟ್ಟು ಹಗುರವಾಗಿ ಮುಚ್ಚಿ, ಒಂದೊಂದೇ ಎಳೆದು ನೋಡಿ. ಮೇಲಿನ ಎರಡು ಮೊದಲು ಹಿಡಿಯಬೇಕು, ಬಿಗಿ ಹೆಚ್ಚಿದಂತೆ ಕೆಳಗಿನವೂ ಹಿಡಿಯಬೇಕು. ಕೆಳಗಿನವು ಮೊದಲು ಹಿಡಿದರೆ ಅರ ಹಾಕುವಾಗ ಹಿಡಿದ ತುಂಡು ಮೇಲಕ್ಕೆ ಚಿಮ್ಮುತ್ತದೆ. ಪ್ಲೇಟಿನ ಹಿಂದೆ ಮೇಲುಗಡೆ 0.1 ಮಿ.ಮೀ. ಹಿತ್ತಾಳೆ ಶಿಮ್ (ತೆಳು ಹಾಳೆ) ಕೊಟ್ಟರೆ ಸರಿಹೋಗುತ್ತದೆ.

ಬಣ್ಣ ಕೊನೆಗೆ. ರೆಡ್ ಆಕ್ಸೈಡ್ ಒಂದು ಕೋಟು, ಎನಾಮಲ್ ತೆಳುವಾಗಿ ಎರಡು ಕೋಟು. ಸ್ಲೈಡು, ಸ್ಕ್ರೂ, ಪ್ಲೇಟಿನ ಜಾಗಗಳಿಗೆ ಟೇಪು ಅಂಟಿಸಿ ಬಣ್ಣ ತಾಗದಂತೆ ನೋಡಿಕೊಳ್ಳಿ. ಗ್ರೈಂಡರ್ ನಡೆಯುವ ಶಾಪಿನಲ್ಲಿ ಸ್ಕ್ರೂಗೆ ಗ್ರೀಸು ಮೆತ್ತಬಾರದು. ಸಾಣೆಕಲ್ಲಿನ ಪುಡಿ ಅದಕ್ಕೆ ಅಂಟಿ ಅರೆಯುವ ಪೇಸ್ಟಾಗುತ್ತದೆ. ವಾರಕ್ಕೊಮ್ಮೆ ಒರೆಸಿ ನಾಲ್ಕು ಹನಿ ಎಂಜಿನ್ ಆಯಿಲ್ ಬಿಟ್ಟರೆ ಸಾಕು.

ಬೆಂಚಿಗೆ ಕೂರಿಸುವಾಗ ಹಿಂದಿನ ದವಡೆಯ ಮುಖ ಬೆಂಚಿನ ಅಂಚಿಗಿಂತ ತುಸು ಹೊರಗಿರಲಿ, ಉದ್ದದ ಪೈಪನ್ನು ನೆಟ್ಟಗೆ ಇಳಿಬಿಟ್ಟು ಹಿಡಿಯಬಹುದು. ವೈಸಿನ ಮೇಲೆ ಮೊಣಕೈ ಊರಿದರೆ ಮುಷ್ಟಿ ಗದ್ದಕ್ಕೆ ತಾಗುವುದು ಫಿಟರುಗಳ ಎತ್ತರದ ಅಳತೆ. 12 ಮಿ.ಮೀ. ಬೋಲ್ಟು ಹಾಕಿ, ಹಲಗೆಯ ಕೆಳಗೆ ದಪ್ಪ ವಾಶರು ಕೊಡಿ. ಹಲಗೆ ಸಮವಾಗಿಲ್ಲದಿದ್ದರೆ ಬೋಲ್ಟು ಬಿಗಿದಾಗ ತಳದ ಕಿವಿಗಳೇ ಮುರಿಯುತ್ತವೆ, ಆದ್ದರಿಂದ ಸಂದಿಗೆ ತೆಳು ತಗಡು ಕೊಟ್ಟು ಸಮ ಮಾಡಿಕೊಂಡೇ ಬಿಗಿಯಿರಿ. ಚಾಣ ಹಿಡಿದು ಹೊಡೆಯುವಾಗ ಪೆಟ್ಟು ಹಿಂದಿನ ದವಡೆಯ ಕಡೆಗಿರಲಿ. ಮುಂದಿನದಕ್ಕೆ ಹೊಡೆದರೆ ಆ ಪೆಟ್ಟನ್ನೆಲ್ಲ ತಿನ್ನುವುದು ನಟ್ಟು.

ಐಟಿಐಗಳ ಮುಖ್ಯಸ್ಥರಲ್ಲಿ ಒಂದು ಮನವಿ. ಎರಡು ವರ್ಷದ ಫಿಟರ್ ಟ್ರೇಡಿನಲ್ಲಿ ಮಕ್ಕಳು ಪಟ್ಟಿಗೆ ಅರ ಹಾಕಿ, ಗುರುತು ಮಾಡಿ, ಡ್ರಿಲ್, ಕೌಂಟರ್‌ಸಿಂಕ್ (ತಿರುಪಿನ ತಲೆಗೆ ಗುಳಿ), ಟ್ಯಾಪು ಹೊಡೆದು ಕಲಿಯುತ್ತಾರೆ. ಆ ತುಂಡುಗಳು ಕೊನೆಗೆ ಗುಜರಿಯ ಡಬ್ಬ ಸೇರುತ್ತವೆ. ಒಂದು ಜೋಡಿ ಜಾ ಪ್ಲೇಟಿನಲ್ಲಿ ಟ್ಯಾಪು ಬಿಟ್ಟು ಉಳಿದ ನಾಲ್ಕು ಕೆಲಸಗಳೂ ಇವೆ. ವೈಸುಗಳನ್ನು ಕಂಡೆಮ್ (ಬಳಕೆಗೆ ಬಾರದ ವಸ್ತುಗಳ) ಪಟ್ಟಿಗೆ ಸೇರಿಸುವ ಮುನ್ನ ಒಂದು ತಂಡಕ್ಕೆ ಒಂದರಂತೆ ಮಕ್ಕಳ ಕೈಗೆ ಕೊಟ್ಟು ಬಿಚ್ಚಿಸಿ, ಏನು ಸವೆದಿದೆ ಎಂದು ಬರೆಸಿ, ಪ್ಲೇಟು ವಾಶರುಗಳನ್ನು ಅಲ್ಲೇ ಮಾಡಿಸಿ. ಮುಂದಿನ ಆಯುಧಪೂಜೆಗೆ ಒಂದು ತಿಂಗಳು ಮೊದಲೇ ಶುರುಮಾಡಿದರೆ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ.

ಪೂಜೆಯ ಮರುದಿನ ದವಡೆಯ ಮೇಲಿನ ಒದ್ದೆ ವಿಭೂತಿ, ಕುಂಕುಮ, ನಿಂಬೆಹಣ್ಣಿನ ರಸ ಒರೆಸಿ ಎಣ್ಣೆಬಟ್ಟೆ ಆಡಿಸುವುದನ್ನು ಮರೆಯಬೇಡಿ. ನಿಂಬೆರಸ ಹಾಗೇ ಬಿಟ್ಟರೆ ಹೊಸ ಪ್ಲೇಟಿನ ಮೇಲೆ ಕಪ್ಪು ಕಲೆ ಬೀಳುತ್ತದೆ.

– ಒಬ್ಬ ಫಿಟರ್, ಹುಬ್ಬಳ್ಳಿ